ಎಣ್ಣೆ ಕುಡಿಯುವ ಗಾಡಿ

ಈಶ್ವರ ಸಂವತ್ಸರ (೧೯೩೭), ಆಷಾಢ ಬಹುಳ ದಶಮಿ, ಸೋಮವಾರ. ರಾಯದುರ್ಗ

ಪಂಚಮಿ ಹತ್ತಿರ ಬಂತು, ನನ್ನ ನಿದ್ದೆ ಹೋಯಿತು. ಪ್ರತಿ ವರ್ಷವೂ ಹೀಗೇ. ಈ ಬೀದಿಯ ಹೆಂಗಸರಿಗೆಲ್ಲ ಉಂಡಿ ಕಟ್ಟುವ ಚಿಂತೆ, ಜೋಕಾಲಿ ಹಾಕುವ ಚಿಂತೆ. ನನಗೆ ಮಾತ್ರ ನಮ್ಮಣ್ಣಯ್ಯ ಮಡಕಶಿರದಿಂದ ಆ ಫಟಫಟಿ ಮೇಲೆ ಕೂತು ಬರುತ್ತಾನಲ್ಲ ಎಂಬ ಚಿಂತೆ. ಅವನು ಬರದಿದ್ದರೆ ನನಗೆ ಹಬ್ಬವಿಲ್ಲ. ಬರುತ್ತಾನೆ ಎಂದರೆ, ಬಂದು ಸೇರುವ ತನಕ ಒಲೆಗೂ ಬಾಗಿಲಿಗೂ ತಿರುಗುತ್ತಲೇ ಇರುತ್ತೇನೆ.

ಅಣ್ಣಯ್ಯ ಮೂಡಲಗಿರಿಯಪ್ಪ ಎಂದರೆ ರೊಳ್ಳದಿಂದ ಹಿಡಿದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಡಲೆಕಾಯಿ ಮಿಲ್ಲಿನ ಆಯಿಲ್ ಇಂಜಿನ್ನು ನಿಂತಿತೆಂದರೆ ಅವನೇ ಹೋಗಬೇಕು. ಊರೂರು ತಿರುಗುವುದಕ್ಕೆಂದು ಈ ಮೋಟಾರ್ ಸೈಕಲ್ಲು ಕೊಂಡ. ಆಗ ಅವನ ತಲೆ ತುಂಬ ಕಪ್ಪು ಕೂದಲಿತ್ತು. ಈಗ ಅರವತ್ತು ದಾಟಿದೆ. ಫಟಫಟಿಗೂ ವಯಸ್ಸಾಗಿದೆ, ಆದರೆ ಅದರದು ಏನಾದರೂ ಮುರಿದರೆ ಮದರಾಸಿನಿಂದ ಬೇರೆ ತರಿಸಿ ಹಾಕುತ್ತಾನೆ. ಅವನದು ಮುರಿದರೆ ಎಲ್ಲಿಂದ ತರಿಸುವುದು?

ನಮ್ಮ ಮನೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. "ನಿಮ್ಮಣ್ಣ ಬೀಳೋಕಿಂತ ಮೊದಲ ನೀನ ಬಿದ್ದಿರ್ತಿ ನೋಡು, ಚಿಂತಿ ಮಾಡಿ ಮಾಡಿ," ಎನ್ನುತ್ತಾರೆ. ಸೊಸೆ ಉಜ್ಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋಗುತ್ತಾಳೆ. ಅದಕ್ಕೇ ಇಲ್ಲಿ ಬರೆಯುವುದು. ಮೂರನೇ ಕ್ಲಾಸಿನಲ್ಲಿ ಸಿಡುಬಿನ ಅಮ್ಮ ಬಂದು ಮಲಗಿದವಳನ್ನು ಮತ್ತೆ ಶಾಲೆಗೆ ಕಳಿಸಲಿಲ್ಲ. ಮಿಕ್ಕ ಅಕ್ಷರ ಕಲಿಸಿದವನು ಅಣ್ಣಯ್ಯನೇ. ಒತ್ತು ಈಗಲೂ ತಪ್ಪುತ್ತದೆ. ತಪ್ಪಲಿ, ಯಾರು ಓದಬೇಕು ಇದನ್ನು.

ಅಮಾವಾಸ್ಯೆ, ಶುಕ್ರವಾರ

ಕಣೇಕಲ್ಲಿನ ಕಡೆಯ ಬಸ್ಸೊಂದು ಹಳ್ಳಕ್ಕೆ ಇಳಿಯಿತಂತೆ. ಯಾರಿಗೂ ಏನೂ ಆಗಲಿಲ್ಲವಂತೆ. ಆದರೂ ನನಗೆ ಅದನ್ನು ಯಾಕೆ ಹೇಳಬೇಕು ಇವರು?

ಈ ವರ್ಷ ಬರಬೇಡವೆಂದು ಹೇಳಿಕಳಿಸಬೇಕೆಂದು ಮುಂಜಾನೆ ಅಂದುಕೊಂಡೆ. ಮಧ್ಯಾಹ್ನ ಅವನಿಗೆಂದು ಎಳ್ಳುಂಡೆಗೆ ಎಳ್ಳು ಹುರಿಯುತ್ತ ಕೂತಿದ್ದೆ.

ಶ್ರಾವಣ ಶುದ್ಧ ಚೌತಿ, ಮಂಗಳವಾರ

ಉಪವಾಸ. ಒಡಹುಟ್ಟಿದವರಿಗಾಗಿ ಇವತ್ತು ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಬೆಳಗಿನಿಂದ ಬಾಗಿಲಲ್ಲೇ ನಿಂತೆ. ಫಟಫಟಿ ಸದ್ದು ನಮ್ಮ ಊರಿಗೆ ಬಂದರೆ ಕೋಟೆಬೆಟ್ಟಕ್ಕೆ ಬಡಿದು ಎರಡಾಗಿ ಕೇಳುತ್ತದೆ, ಒಂದು ಮುಂದೆ ಒಂದು ಹಿಂದೆ. ಹೊತ್ತು ಇಳಿದರೂ ಒಂದೂ ಇಲ್ಲ. ದನ ಮನೆಗೆ ಬರುವ ಹೊತ್ತಿಗೆ ಕೇಳಿಸಿತು. ಕೇಳಿಸಿದ ಮೇಲೂ ಅದು ಎಷ್ಟೋ ಹೊತ್ತು ಬೀದಿಗೆ ಬರಲೇ ಇಲ್ಲ, ಅಷ್ಟು ನಿಧಾನ.

ಬಂದವನು ಗಾಡಿಯನ್ನು ಗೋಡೆಗೆ ಒರಗಿಸಿ, ಗೋಡೆ ಹಿಡಿದುಕೊಂಡು ಜಾರಿ ಇಳಿದ. ಮೊದಲೆಲ್ಲ ಕಾಲು ಬೀಸಿ ಇಳಿಯುತ್ತಿದ್ದ, ಕುದುರೆಯಿಂದ ಇಳಿದ ಹಾಗೆ.

"ಯಾಕಣ್ಣಯ್ಯ ಇಷ್ಟೊತ್ತು?" ಎಂದೆ.

"ದಾರಿಯಾಗೆ ಒಂದು ಮಿಲ್ಲು ಹಿಡ್ಕಂತು ಕಣವ್ವ. ನನ್ನ ಗಾಡಿ ಸದ್ದು ಕೇಳಿದ್ರೆ ಸಾಕು, ಚೆನ್ನಾಗಿರೋ ಇಂಜಿನ್ನೂ ಬೇಕಂತ ಕೆಡ್ತವೆ."

"ಬರ್ರಿ ಭಾವ, ಕೂಡ್ರಿ," ಎಂದರು ಮನೆಯವರು. "ನಿಮ್ಮ ತಂಗಿ ಮುಂಜಾನಿಂದ ಬಾಗಿಲ್ದಾಗ ತೋರಣ ಆಗ್ಯಾಳ. ಇನ್ನೊಂದೀಟು ತಡ ಆಗಿದ್ರ ಒಣಗಿ ಉದುರ್ತಿದ್ಲು."

ಎಲ್ಲರೂ ನಕ್ಕರು. ಅಣ್ಣಯ್ಯನೂ ನಕ್ಕ, ಆದರೆ ನಗುವಾಗ ಪಕ್ಕೆಗೆ ಕೈ ಒತ್ತಿಕೊಂಡ. ನೀರಿನ ಚೊಂಬನ್ನು ಎಡಗೈಯಲ್ಲಿ ಎತ್ತಿದ. ದಣಿದಿರಬೇಕು. ಕಣ್ಣಾರೆ ಕಂಡೆನಲ್ಲ, ಇನ್ನು ನಿದ್ದೆ ಬರುತ್ತದೆ.

ಪಂಚಮಿ, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ತಲೆ ಒಡೆಯುತ್ತದೆ.

ನಮ್ಮ ತವರಿನ ಕಡೆ ಪಂಚಮಿಗೆ ಹುತ್ತಕ್ಕೆ ಹಾಲೆರೆದು, ಉಳಿದ ಹಾಲನ್ನು ಕೈಗೆ ಹಚ್ಚಿಕೊಂಡು ಒಡಹುಟ್ಟಿದವನ ಬೆನ್ನು ತೊಳೆಯುತ್ತೇವೆ. ಬೆನ್ನು ತಣ್ಣಗಿರಲಿ ಎನ್ನುತ್ತೇವೆ. ಅವನ ಬೆನ್ನು ನೆಟ್ಟಗಿದ್ದರೆ ನಮಗೆ ತವರು. ರಾಯದುರ್ಗದಲ್ಲಿ ಈ ಪದ್ಧತಿ ಇಲ್ಲ. ಉಜ್ಜಿನಮ್ಮನಿಗೆ ಇದು ವರ್ಷಕ್ಕೊಮ್ಮೆ ನೋಡುವ ಆಟ.

ಇವತ್ತು ಅಣ್ಣಯ್ಯ ಅಂಗಿ ಬಿಚ್ಚಲಿಲ್ಲ. "ಅಂಗಿ ಮ್ಯಾಲೆ ಹಾಕವ್ವ. ನೆಗಡಿ ಐತೆ," ಎಂದ.

"ಅಂಗಿಗೆ ಯಾರು ಹಾಲು ಹಾಕ್ತಾರೆ? ಅಂಗಿ ನನ್ನ ಜೊತೆ ಹುಟ್ಟೈತಾ?" ಎಂದೆ.

ಆಮೇಲೆ ಬಿಚ್ಚಿದ. ಒಂದು ತೋಳು ಬಿಚ್ಚಿ, ಇನ್ನೊಂದಕ್ಕೆ ಸೊಸೆ ಬಂದು ಎಳೆಯಬೇಕಾಯಿತು. ಬಲಹೆಗಲ ಮೇಲೆ ಎಲುಬು ನೊಗದ ಗೂಟದಂತೆ ಎದ್ದು ನಿಂತಿತ್ತು. ಪಕ್ಕೆಗೆ ಸುತ್ತಿದ ಬಟ್ಟೆ, ಅದರಲ್ಲಿ ಮೊಟ್ಟೆಯ ಲೇಪದ ವಾಸನೆ. ಬಟ್ಟೆಯ ಅಂಚಿನ ಕೆಳಗೆ ಚರ್ಮ ಹಳದಿ ಹಸಿರಾಗಿ ಬಾಡಿದ ಬಾಳೆಯೆಲೆ ಹಾಗಿತ್ತು. ಉಜ್ಜಿನಮ್ಮ ನಗುವುದನ್ನು ನಿಲ್ಲಿಸಿದಳು.

"ಹೋರಿ ಗುಮ್ತು," ಎಂದ ಅಣ್ಣಯ್ಯ, ನಾನು ಏನೂ ಕೇಳುವ ಮುಂಚೆ.

"ಯಾವ ಹೋರಿ? ಅದಕ್ಕೆ ಎರಡು ಗಾಲಿ ಇದ್ದವಾ?"

ಆಮೇಲೆ ಒಂದೊಂದೇ ಮಾತು ಬಂತು. ಆಷಾಢದ ಮೊದಲಲ್ಲಿ ಪೆನ್ನೆ ಹೊಳೆ ದಾಟುವಾಗ ಮರಳಲ್ಲಿ ಬಿದ್ದಿದ್ದಾನೆ. ಹಾಸಿಗೆ ಹಿಡಿದಿದ್ದಾನೆ. ನನಗೆ ತಿಳಿಸಬಾರದೆಂದು ಅತ್ತಿಗೆ ತಿಪ್ಪಮ್ಮನ ಬಾಯಿ ಕಟ್ಟಿದ್ದಾನೆ. ಕೂಡಿರುವುದೋ ಇಲ್ಲವೋ ಗೊತ್ತಿಲ್ಲದ ಎಲುಬನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮತ್ತೆ ಅದೇ ಫಟಫಟಿ ಹತ್ತಿ, ಅದೇ ಮರಳು ದಾಟಿ, ನನ್ನ ಕೈಯ ಹಾಲಿಗೆಂದು ಬಂದಿದ್ದಾನೆ.

ಹಾಲಿನ ಕೈಯಲ್ಲೇ ಅವನ ಕೈ ಹಿಡಿದು ನನ್ನ ತಲೆ ಮೇಲೆ ಇಟ್ಟುಕೊಂಡೆ. "ನನ್ನ ಮೇಲೆ ಆಣೆ ಇಡು. ಎಣ್ಣೆ ಕುಡಿಯೋ ಯಾವ ಗಾಡಿ ಮೇಲೂ ಇನ್ನು ಕೂರಲ್ಲ ಅನ್ನು."

"ಹಬ್ಬದ ದಿನ ಆಣೆ ಮಾತು ಬ್ಯಾಡ ಕಣೆ ಕೆಂಪಿ."

"ಅನ್ನು."

ಅಂದ. ನನ್ನ ಮಾತನ್ನೇ ಹಿಡಿದು ಒಂದಕ್ಷರ ಬಿಡದೆ ಅಂದ.

ಜಗಲಿಯ ಮೇಲೆ ಕೂತಿದ್ದ ಮನೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಅಲ್ಲ, ಬಸ್ಸು ಏನು ಕುಡಿತೈತಿ? ಎಳನೀರಾ?" ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಬಸ್ಸು ಬಿಟ್ಟು ಎಂದು ತಿದ್ದಬೇಕೆಂದು ಬಾಯಿ ತೆರೆದೆ. ಅಣ್ಣಯ್ಯ ತಲೆ ಅಲ್ಲಾಡಿಸಿದ. "ಆಡಿದ್ದು ಆಡಾಯ್ತು. ಹುತ್ತದ ಹಾಲು ಇನ್ನೂ ಕೈಮ್ಯಾಲೆ ಐತೆ. ತಿದ್ದಿದ ಆಣೆ ಆಣೆಯಲ್ಲ. ನಿನ್ನ ತಲೆ ಕಣವ್ವ ಅದು, ನಾನು ಅದರ ಮ್ಯಾಲೆ ಆಟ ಆಡಲ್ಲ."

"ರೈಲು ಕಲ್ಲಿದ್ದಲು ತಿಂತೈತಿ, ಎಣ್ಣಿ ಮುಟ್ಟಂಗಿಲ್ಲ," ಎಂದರು ಇವರು. "ಸುತ್ತು ಆಗ್ತೈತಿ. ಆಗ್ಲಿ."

ಷಷ್ಠಿ, ಗುರುವಾರ

ಅಣ್ಣಯ್ಯ ರೈಲು ಹತ್ತಿದ. ಬಳ್ಳಾರಿಗೆ ಹೋಗಿ, ಅಲ್ಲಿಂದ ಗುಂತಕಲ್ಲು, ಅಲ್ಲಿಂದ ಹಿಂದೂಪುರ, ಅಲ್ಲಿಂದ ಎತ್ತಿನ ಗಾಡಿ. ಪಕ್ಕದ ಮನೆಗೆ ಊರು ಸುತ್ತಿ ಹೋದ ಹಾಗೆ.

ಫಟಫಟಿ ನಮ್ಮ ದನದ ಕೊಟ್ಟಿಗೆಯಲ್ಲಿ ಉಳಿಯಿತು. ಹೋಗುವ ಮುಂಚೆ ಅದಕ್ಕೆ ಗೋಣಿ ಹೊದಿಸಿದ. ಬಣವೆ ಹತ್ತಿರ ನಿಲ್ಲಿಸಬೇಡಿ, ದೀಪ ತರಬೇಡಿ, ಎತ್ತು ನೆಕ್ಕದ ಹಾಗೆ ನೋಡಿಕೊಳ್ಳಿ ಎಂದ. ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಹೋಗುವವನಂತೆ ಎರಡು ಸಲ ತಿರುಗಿ ಬಂದ.

"ಮಾರಿಬಿಡಬಾರದಾ?" ಎಂದೆ.

"ಯಾರಿಗೆ? ಅದೂ ನನ್ನಂಗೇ ಕುಂಟಿಕೊಂಡು ಓಡಾಡೋದು," ಎಂದ.

ಇರಲಿ. ಬದುಕಿರುತ್ತಾನೆ. ಮೂರು ಹೊತ್ತು ಉಂಡು ಮನೆಯಲ್ಲಿ ಕೂತಿರುತ್ತಾನೆ. ನನಗೆ ಅಷ್ಟು ಸಾಕು.

ಶ್ರಾವಣ ಹುಣ್ಣಿಮೆ, ಶನಿವಾರ

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಚಿಂತೆ ಇಲ್ಲದಿದ್ದರೆ ಬರೆಯುವುದೇನು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ. ಬರಬೇಕು.

ಸೊಸೆ ಬಂದು, "ಅತ್ತೀ, ಕೋಳಿ ಮಾವಯ್ಯನ ಗಾಡಿ ಮ್ಯಾಲ ಮೊಟ್ಟಿ ಇಟ್ಟೈತ್ರಿ," ಎಂದಳು. ಹೋಗಿ ನೋಡಿದರೆ ಗೋಣಿ ಸರಿದು, ಕೂರುವ ಚರ್ಮದ ಗುಂಡಿಯಲ್ಲಿ ಕೋಳಿ ಕಾವು ಕೂತಿತ್ತು. ಅಣ್ಣಯ್ಯ ಕೂತು ಕೂತು ಆದ ಗುಂಡಿ ಅದು. ಕೋಳಿಯನ್ನು ಓಡಿಸಿ, ಬಟ್ಟೆ ಹಿಂಡಿ ಒರೆಸಿದೆ.

ಸೀಮೆಎಣ್ಣೆ, ಹೊಗೆಯ ಕರಿ, ಅವನ ಬೆವರು ಎಲ್ಲ ಸೇರಿದ ಒಂದು ವಾಸನೆ ಅದಕ್ಕೆ. ಚಿಕ್ಕವಳಿದ್ದಾಗ ಅವನ ಮೈಯಿಂದ ಬರೀ ಬೆಲ್ಲದ ವಾಸನೆ ಬರುತ್ತಿತ್ತು.

ಶ್ರಾವಣ ಬಹುಳ ಸಪ್ತಮಿ

ಒರೆಸಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದೆಂದು ಹರಳೆಣ್ಣೆ ಹಚ್ಚಿದೆ.

ಭಾದ್ರಪದ ಶುದ್ಧ ತದಿಗೆ, ಮಂಗಳವಾರ

ಇವತ್ತು ಗೌರಿ. ತವರಿನಿಂದ ಬಾಗಿನ ಬರುವ ದಿನ. ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ನಿಂತೆ. ಇಳಿದವರಲ್ಲಿ ಅವನಿರಲಿಲ್ಲ. ಮನೆಗೆ ಬಂದರೆ ಜಗಲಿಯ ಮೇಲೆ ಬೇರೊಬ್ಬರು ಮೊರದ ಜೋಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಣ್ಣಯ್ಯನ ಕೈಕೆಳಗೆ ಇಂಜಿನ್ನು ಕೆಲಸ ಕಲಿತ ಚಿಕ್ಕತಿಮ್ಮಯ್ಯ. ಈಗ ಅವನೂ ಮೂರು ಮಕ್ಕಳ ತಂದೆ. ಬಸ್ಸಿನಲ್ಲಿ ಬಂದಿದ್ದ.

"ಅಣ್ಣಯ್ಯ?" ಎಂದೆ. ಬಾ, ಕೂತುಕೋ ಎಂದು ಕೂಡ ಅನ್ನಲಿಲ್ಲ.

"ರೈಲಾಗೆ ಬರಾಕೆ ಹೊರಟ್ರು ಕಣಕ್ಕ. ಹಿಂದೂಪುರದ ತನಕ ಗಾಡಿಯಾಗೆ ಕುಲುಕಿ ಕುಲುಕಿ ಹೆಗಲು ಊದ್ಕಂತು. ಟೇಸನ್ನಾಗೆ ಮಲಗಿಬಿಟ್ರು. ನಾನೇ ವಾಪಸ್ ಕರ್ಕಂಡು ಬಂದೆ. ನೀನಾರ ಹೋಗು, ಕೆಂಪಿ ಬಾಗಿಲಾಗೆ ನಿಂತಿರ್ತಾಳೆ ಅಂದ್ರು."

ಮೊರದ ಮೇಲಿನ ಅರಿಶಿನದ ಗುರುತು ಅತ್ತಿಗೆಯ ಕೈಯದು. ತೆಗೆದುಕೊಂಡೆ. ಅವನ ಕೈಯಿಂದ ಬಾರದ ಬಾಗಿನ ಇದೇ ಮೊದಲು.

ಊಟಕ್ಕೆ ಕೂತ ಮೇಲೆ ಒಂದೊಂದೇ ಕೇಳಿದೆ. ಅವನಿಗೆ ಮಾತು ಬೇಕು, ತಾನೇ ಹೇಳಿದ.

"ಆ ಮರಳಾಗೆ ನಾನೂ ಮಗುಚ್ಕಂಡಿದ್ದೆ ಹಿಂದಿನ ಬ್ಯಾಸಿಗೇಲಿ, ಇದೇ ಗಾಡಿ ಮ್ಯಾಲೆ. ಎದ್ದೆ, ಪಂಚೆ ಕೊಡವಿದೆ, ಬೀಡಿ ಹಚ್ಚಿದೆ. ಯಜಮಾನ್ರೂ ಅಷ್ಟೇ ಮೆಲ್ಲಗೆ ಬಿದ್ದಿದ್ದು. ಹಾಸಿಗೆ ಮ್ಯಾಲೆ ಮಲಗ್ದಂಗೆ. ಆದ್ರೆ ಹೆಗಲೆಲುಬು ಲಟ್ ಅಂತು, ಪಕ್ಕೇನೂ ಹೋಯ್ತು. ಕಟ್ಟು ಕಟ್ಟೋ ಮುದುಕ ಅಂದ, ಹಸಿ ಜಾಲಿ ಕಡ್ಡಿ ಬಗ್ತದೆ, ಒಣಗಿದ್ದು ಮುರೀತದೆ, ಅದಕ್ಕೆ ಮರಳಾದರೇನು ಕಲ್ಲಾದರೇನು ಅಂತ. ಇನ್ನೊಂದು ಸತಿ ಬಿದ್ರೆ ಕೂಡಿಸಾಕೆ ನನ್ನ ಕೈಲಾಗಲ್ಲ ಅಂದವ್ನೆ."

"ಈಗ ಬೀಳೋ ಹಂಗಿಲ್ಲವಲ್ಲ," ಎಂದೆ. ಗೆದ್ದವಳಂತೆ ಅಂದೆನೇನೋ.

ಚಿಕ್ಕತಿಮ್ಮಯ್ಯ ಮುದ್ದೆ ಮುರಿಯುತ್ತ ನನ್ನ ಮುಖ ನೋಡಲಿಲ್ಲ. "ಇಲ್ಲ. ಜಗಲಿ ಮ್ಯಾಲೆ ಕೂತಿರ್ತಾರೆ. ಊರಾಚೆ ಮಿಲ್ಲು ಓಡಿದ್ರೆ ಅಲ್ಲಿಂದಲೇ ಕಿವಿ ಕೊಟ್ಟು, ಅದಕ್ಕೆ ಉಸಿರು ಕಟ್ತಾ ಐತೆ, ಯಾರಾರ ಹೋಗಿ ಹೇಳ್ರೋ ಅಂತಾರೆ. ಮಿಲ್ಲಿನೋರು ಮೊದಮೊದಲು ಬಂಡಿ ಕಳಿಸಿದ್ರು. ಬಂಡಿ ಹೋಗಿ ಬರೋ ಹೊತ್ತಿಗೆ ಒಂದು ದಿನದ ಕೆಲಸ ಹೋಯ್ತದಲ್ಲ. ಈಗ ನನ್ನ ಕರೀತಾರೆ. ನಾನು ಯಜಮಾನ್ರ ಮನೆ ಮುಂದೆ ಹೋಗಲ್ಲಕ್ಕ, ಹಿಂದಲ ಬೀದಿಯಾಗೆ ಸುತ್ತಿ ಹೋಯ್ತೀನಿ."

ಹೊರಡುವಾಗ, ಫಟಫಟಿಯನ್ನು ತಾನು ಓಡಿಸಿಕೊಂಡು ಹೋಗಿ ಅಣ್ಣಯ್ಯನ ಕಣ್ಣೆದುರಿಗಾದರೂ ನಿಲ್ಲಿಸುತ್ತೇನೆ ಎಂದ. ಬೇಡವೆಂದೆ. ಯಾಕೆ ಬೇಡ ಎಂದು ಇವರು ಕೇಳಿದರು. ನನಗೆ ಗೊತ್ತಿಲ್ಲ. ಇನ್ನೊಬ್ಬರು ಆ ಗುಂಡಿಯಲ್ಲಿ ಕೂರುವುದು ಬೇಡ.

ಭಾದ್ರಪದ ಶುದ್ಧ ಅಷ್ಟಮಿ

ಬೆಳಿಗ್ಗೆ ಬೀದಿಯಲ್ಲಿ ಸದ್ದಾಯಿತೆಂದು ಹಿಟ್ಟಿನ ಕೈಯಲ್ಲೇ ಓಡಿದೆ. ಸರ್ಕಲ್ ಇನ್ಸ್‌ಪೆಕ್ಟರರ ಮೋಟಾರು. ಬೆಟ್ಟಕ್ಕೆ ಬಡಿದರೆ ಎಲ್ಲ ಸದ್ದೂ ಎರಡಾಗುತ್ತದೆ. ಆದರೆ ಎರಡೂ ಅವನದಲ್ಲ.

ಭಾದ್ರಪದ ಬಹುಳ ಬಿದಿಗೆ

ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಗೋಣಿ ತೆಗೆದು ಅದರ ಮೇಲೆ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ. ಕೈ ಚಾಚಿ ಹಿಡಿ ಹಿಡಿದುಕೊಂಡೆ. ಇಲ್ಲಿಂದ ಎಲ್ಲ ಬೇರೆ ಕಾಣುತ್ತದೆ. ಮುಂದಿರುವುದು ಮಾತ್ರ ಕಾಣುತ್ತದೆ.

ಎಮ್ಮೆ ನನ್ನನ್ನೇ ನೋಡುತ್ತಿತ್ತು. ಇಳಿದೆ.

ಭಾದ್ರಪದ ಬಹುಳ ಏಕಾದಶಿ

ನಮ್ಮ ಬೀದಿಯ ಬೊಮ್ಮಕ್ಕಜ್ಜಿಗೆ ಈಗ ಕಣ್ಣಿಲ್ಲ, ಆದರೆ ನೇಮ ನಿಷ್ಠೆಯ ಮಾತಿಗೆ ಊರೇ ಅವಳ ಹತ್ತಿರ ಹೋಗುತ್ತದೆ. ಯಾರದೋ ಮಾತೆಂದು ಶುರು ಮಾಡಿ ಕೇಳಿದೆ. ಒಬ್ಬಳು ತನ್ನ ಮೇಲೆ ಆಣೆ ಇಡಿಸಿಕೊಂಡಿದ್ದಾಳೆ, ಅದನ್ನು ಬಿಡಿಸುವುದಕ್ಕೆ ದಾರಿ ಉಂಟೇ ಎಂದೆ.

"ಯಾರೋ ಒಬ್ಬಾಕಿ ಯಾಕವ್ವ, ಕೆಂ‍ಪಕ್ಕ ಅನ್ನು," ಎಂದಳು ಅಜ್ಜಿ. "ಫಟಫಟಿ ಸದ್ದಿಲ್ಲ ಅಂತ ನನಗೂ ಗೊತ್ತಾಗ್ತೈತಿ. ಆಣಿ ಇಡಿಸ್ಕಂಡಾಕಿನ ಬಿಡಿಸ್ಬೇಕು. ಅದ ಕೈನ ಮತ್ತ ಅದ ತಲಿ ಮ್ಯಾಲ ಇಟ್ಕಂಡು, ಬಿಟ್ಟೆ ಅನ್ನಬೇಕು. ಟಪಾಲಿನಾಗ ಆಣಿ ಬಿಡಿಸೋಕಾಗಂಗಿಲ್ಲ, ಮಂದಿ ಕೈಲಿ ಹೇಳಿಕಳಿಸಿದ್ರೂ ಆಗಂಗಿಲ್ಲ."

"ಅಷ್ಟೇನಾ ಅಜ್ಜಿ?"

"ಅಷ್ಟ. ಆದ್ರ ಬಿಡಿಸಿದ ಮ್ಯಾಲ ಅವ ಬಿದ್ದ ಅನ್ನು. ಆವಾಗ ಊರು ಅವನ ಅನ್ನಂಗಿಲ್ಲ, ನಿನ್ನ ಅಂತೈತಿ. ನೀನೂ ನಿನ್ನ ಅಂತೀಯ. ಅದನ್ನ ಹೊರೋಹಂಗಿದ್ರ ಹೋಗು. ಇಲ್ಲಂದ್ರ ಸುಮ್ಕ ಕುಂದ್ರು."

ಮನೆಗೆ ಬಂದು ಕೂತೆ. ಕೂರಲು ಆಗಲಿಲ್ಲ. ಅವನು ಬಿದ್ದು ಮುರಿದುಕೊಂಡರೆ ಎಂದು ನೆನೆದರೆ ಕೈಕಾಲು ತಣ್ಣಗಾಗುತ್ತದೆ. ಅವನು ಜಗಲಿಯ ಮೇಲೆ ಕೂತು ಬೇರೆಯವರ ಇಂಜಿನ್ನಿಗೆ ಕಿವಿ ಕೊಡುವುದನ್ನು ನೆನೆದರೂ ತಣ್ಣಗಾಗುತ್ತದೆ. ಯಾವ ತಣ್ಣಗೆ ಹೆಚ್ಚೆಂದು ನೋಡುತ್ತ ಕೂತರೆ ಅಡಿಗೆಯಾಗುವುದಿಲ್ಲ.

ಸಂಜೆ ಮನೆಯವರಿಗೆ ಹೇಳಿದೆ, ನನ್ನನ್ನೂ ಫಟಫಟಿಯನ್ನೂ ಬಂಡಿಯಲ್ಲಿ ಕಲ್ಯಾಣದುರ್ಗದ ತನಕ ಕರೆದುಕೊಂಡು ಹೋಗಬೇಕೆಂದು. ಕಲ್ಯಾಣದುರ್ಗ ಇಬ್ಬರಿಗೂ ನಡುದಾರಿ. ಅಲ್ಲಿಯ ಛತ್ರಕ್ಕೆ ಅವನು ಆ ಕಡೆಯಿಂದ ಬಂಡಿಯಲ್ಲಿ ಬರಲಿ. ಗಾಡಿ ಕೊಟ್ಟಿಗೆಗೆ ಹೋದದ್ದು ನನ್ನ ಮಾತಿನಿಂದ, ನನ್ನ ಕೈಯಿಂದಲೇ ಅವನಿಗೆ ಸೇರಬೇಕು.

"ಎತ್ತಿನ ಬಂಡಿ ಮ್ಯಾಲ ಫಟಫಟಿ?" ಎಂದರು. "ಎತ್ತು ನಗ್ತಾವ."

ಆದರೆ ಉಂಡ ಮೇಲೆ ಹೋಗಿ ಬಂಡಿಯ ಅಗಲಕ್ಕೆ ಗಾಡಿ ಹಿಡಿಯುತ್ತದೆಯೇ ಎಂದು ಹಗ್ಗ ಹಿಡಿದು ಅಳೆದರು.

ಮಹಾನವಮಿ, ಬುಧವಾರ

ಆಯುಧಪೂಜೆ. ನೇಗಿಲು, ಕುಂಟೆ, ಕುಡುಗೋಲು, ಇಳಿಗೆಮಣೆ. ಎಲ್ಲದಕ್ಕೂ ಕುಂಕುಮವಿಟ್ಟು ಬಂದ ಉಜ್ಜಿನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಅತ್ತೀ, ಇದಕ್ಕೂ ಹಚ್ಲಾ?" ಎಂದಳು.

"ಹಚ್ಚು. ಕಣ್ಣಿಗೆ ಹಚ್ಚಬೇಡ," ಎಂದೆ. ದೀಪದ ಗಾಜನ್ನು ನಾನು ಯಾವಾಗ ಕಣ್ಣು ಎನ್ನತೊಡಗಿದೆನೋ.

ಕಲ್ಯಾಣದುರ್ಗದ ಬಸ್ಸಿನ ಡ್ರೈವರನ ಕೈಯಲ್ಲಿ ಮಡಕಶಿರಕ್ಕೆ ಹೇಳಿಕಳಿಸಿದ್ದೆ. ಅಣ್ಣಯ್ಯ ಬರುತ್ತಾನಂತೆ. ಅತ್ತಿಗೆಯೂ ಬರುತ್ತಾಳಂತೆ.

ಆಶ್ವಯುಜ ಹುಣ್ಣಿಮೆ ಕಳೆದು ಬಿದಿಗೆ. ದಾರಿಯಲ್ಲಿ

ಮುಂಜಾನೆ ನಾಲ್ಕು ಜನ ಸೇರಿ ಹಲಗೆ ಒಡ್ಡಿ ಫಟಫಟಿಯನ್ನು ಬಂಡಿಗೇರಿಸಿದರು. ನಾನು ಪಕ್ಕದಲ್ಲಿ ಕೂತು ಅದರ ಹಿಡಿ ಹಿಡಿದುಕೊಂಡೆ. ಹಗ್ಗ ಉಜ್ಜಿ ಬಣ್ಣ ಹೋಗಬಾರದೆಂದು ನನ್ನ ಹಳೆಯ ಸೀರೆ ಹರಿದು ಸುತ್ತಿದ್ದೇನೆ. ಬಿಸಿಲಿಗೆ ರಬ್ಬರು ಬಿರಿಯುತ್ತದೆಂದು ಯಾರೋ ಹೇಳಿದರು. ಅದಕ್ಕೆ ಗಾಲಿಗೆ ಒದ್ದೆ ಗೋಣಿ. ಇವರು ತಿರುಗಿ ನೋಡಿ, "ಅದಕ್ಕ ತಲಿಗೆ ಎಣ್ಣಿ ಹಚ್ಚಿ ಜಡಿ ಹಾಕಿದ್ರ ಮುಗೀತು," ಎಂದರು.

ಎದುರಿಗೆ ಬಂದವರೆಲ್ಲ ನಿಂತು ನೋಡುತ್ತಿದ್ದರು. "ಲಕ್ಷ್ಮಣಪ್ಪ, ಫಟಫಟಿಗೆ ಜ್ವರ ಬಂದೈತೇನು, ದವಾಖಾನಿಗೆ ಒಯ್ಯಕತ್ತೀರಿ?" ಎಂದು ಒಬ್ಬರು ಇವರನ್ನು ಕೇಳಿದರು.

"ಬಾಣಂತನ," ಎಂದರು ಇವರು. "ತವರಿಗೆ ಬಿಟ್ಟು ಬರ್ತೀನಿ."

ಹಗರಿ ಹೊಳೆಯ ಮರಳಲ್ಲಿ ಬಂಡಿ ಹೂತುಕೊಂಡಿತು. ಎತ್ತು ಮುಗ್ಗರಿಸಿದವು. ನಾನು ಇಳಿದು ಮರಳಲ್ಲಿ ನಿಂತೆ. ಬರಿಗಾಲಿಗೆ ಎಷ್ಟು ಮೆತ್ತಗಿದೆ. ಇಂಥದರ ಮೇಲೆ ಬಿದ್ದು ಎಲುಬು ಮುರಿಯುತ್ತದೆ ಎಂದರೆ ಯಾರು ನಂಬುತ್ತಾರೆ. ಒಂದು ಹಿಡಿ ತೆಗೆದು ನೋಡಿದೆ, ಬೆರಳ ಸಂದಿಯಲ್ಲಿ ಹೋಯಿತು. ಪಂಚಮಿಗೆಂದು ಪ್ರತಿ ವರ್ಷ ಅವನು ಪೆನ್ನೆಯನ್ನೂ ದಾಟಿ, ಇದನ್ನೂ ದಾಟಿ ಬರುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಯಾಕೆ ತಡವೆಂದು ಕೇಳುತ್ತಿದ್ದೆ.

ಆಶ್ವಯುಜ ಬಹುಳ ಚೌತಿ. ಕಲ್ಯಾಣದುರ್ಗ, ಛತ್ರ

ಬೆಳಿಗ್ಗೆ ಅವರ ಬಂಡಿ ಬಂತು. ಮೊದಲು ಇಳಿದವಳು ಅತ್ತಿಗೆ. "ತಗಳವ್ವ ನಿಮ್ಮಣ್ಣನ್ನ," ಎಂದಳು. "ಬಿದ್ದಾಗ ನೋಡ್ಕಂಡೆ, ಕೂತಾಗ ನೋಡ್ಕಳಾಕೆ ನನ್ನ ಕೈಲಾಗಲ್ಲ. ಇಂಜಿನ್ನು ಸಿಕ್ಕಲ್ಲ ಅಂತ ನನ್ನ ಒಲೆ ರಿಪೇರಿ ಮಾಡ್ತಾರೆ. ಈಗ ಹೊಗೆ ಬಾಗಿಲಾಗೆ ಬರ್ತದೆ, ನಾನು ಕಿಟಕಿಯಾಗೆ ಹೋಗ್ತೀನಿ."

ಅಣ್ಣಯ್ಯ ಚಿಕ್ಕವನಾಗಿದ್ದ. ಅಂಗಿ ಅವನದಲ್ಲ ಎನ್ನುವ ಹಾಗೆ ತೂಗುತ್ತಿತ್ತು. ನನ್ನ ಮುಖ ನೋಡಿದ, ಆಮೇಲೆ ನನ್ನ ಹಿಂದೆ ನಿಂತಿದ್ದುದನ್ನು ನೋಡಿದ. ಹತ್ತಿರ ಹೋಗಿ ಸುತ್ತ ಬಂದ. ಸರಪಳಿಯಲ್ಲಿ ಸಿಕ್ಕಿದ್ದ ಕೋಳಿಪುಕ್ಕ ಎಳೆದು ತೆಗೆದು ನನ್ನ ಕಡೆ ಹಿಡಿದು ತೋರಿಸಿದ.

ಛತ್ರದ ಜಗಲಿಯ ಮೇಲೆ ಕೂತೆವು. ಮನೆಯವರು ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಆಚೆ ಹೋದರು.

"ಆಣೆ ಬಿಡಿಸ್ತೀನಿ," ಎಂದೆ. "ಅದಕ್ಕೆ ಮುಂಚೆ ನಿಜ ಹೇಳು. ಹೋರಿ ಗೀರಿ ಬೇಡ. ಅವತ್ತು ಯಾಕೆ ಬಿದ್ದೆ?"

"ಮರಳು ಕಣವ್ವ."

"ಚಿಕ್ಕತಿಮ್ಮಯ್ಯನೂ ಮರಳಲ್ಲಿ ಬಿದ್ದ. ನಿನ್ನ ಮಾತು ಹೇಳು."

ಅಂಗೈ ನೋಡಿಕೊಂಡು ಕೆಳದನಿಯಲ್ಲಿ ಹೇಳಿದ. ಅತ್ತಿಗೆಗೂ ಹೇಳಿರದ ಮಾತೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಸಂಜೆ ಆಯ್ತು ಅಂದ್ರೆ ದಾರಿ ಎರಡಾಗಿ ಕಾಣ್ತದೆ. ಯಾವುದರ ಮ್ಯಾಲೆ ಹೋಗ್ಲಿ ಅಂತ ನೋಡಾ ಹೊತ್ತಿಗೆ ಎರಡೂ ಮುಗಿದಿರ್ತವೆ. ಬಲಗಿವಿ ಇಂಜಿನ್ನು ಸದ್ದಿಗೆ ಹೋಯ್ತು. ಬಸ್ಸು ಹಿಂದಿಂದ ಬಂದ್ರೆ ಪಕ್ಕಕ್ಕೆ ಬಂದ ಮ್ಯಾಲೇ ಗೊತ್ತಾಗೋದು. ಕಾಲಿಗೆ ಬ್ರೇಕು ತುಳಿ ಅಂತೀನಿ. ಅದು ಕೇಳ್ಕಂತದೆ. ಆದ್ರೆ ನಿಧಾನಕ್ಕೆ ಕೇಳ್ಕಂತದೆ, ಮುದುಕರು ಎದ್ದು ಬಾಗಿಲು ತೆಗೆಯೋ ಹಂಗೆ. ಅವತ್ತು ಮರಳು ಕಂಡಿತ್ತು ಕೆಂಪಿ. ಕಾಲು ಹೋಗಲಿಲ್ಲ."

"ಇದನ್ನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಸು ಅಂತಿದ್ದೆ."

ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅವನ ಕೈ ತೆಗೆದು ನನ್ನ ತಲೆ ಮೇಲಿಟ್ಟುಕೊಂಡು, ಬಿಟ್ಟೆ ಎಂದೆ. ಏನೂ ಆಗಲಿಲ್ಲ. ಛತ್ರದ ನಾಯಿ ಮೈ ಕೊಡವಿಕೊಂಡಿತು, ಅಷ್ಟೆ. ಆಮೇಲೆ ಹೇಳಿದೆ. ಹೊತ್ತು ಮುಳುಗುವ ಮುಂಚೆ ಗಾಡಿ ನಿಲ್ಲಿಸಿ ಎಲ್ಲಿದ್ದೀಯೋ ಅಲ್ಲೇ ಉಳಿಯಬೇಕು. ಹೊಳೆ ಬಂದರೆ ಇಳಿದು ತಳ್ಳಿಕೊಂಡು ದಾಟಬೇಕು, ಜನ ಕರೆದುಕೊಂಡು. ರಾಯದುರ್ಗದ ತನಕ ಬರಬೇಡ. ನೀನು ಇಲ್ಲಿಗೆ ಬಾ, ನಾನು ಬಸ್ಸು ಹತ್ತಿ ಇಲ್ಲಿಗೆ ಬರುತ್ತೇನೆ. ಬಿದ್ದರೆ ನನಗೆ ಹೇಳಬೇಕು.

"ಮತ್ತೆ ಆಣೆನಾ?" ಎಂದ.

"ಆಣೆ ಇಲ್ಲ. ಕೇಳ್ಕಂತಿದೀನಿ."

"ರೊಳ್ಳದ ಮಿಲ್ಲಿಗೆ?"

"ಹಗಲಲ್ಲಿ."

"ಮಿಲ್ಲಿನೋರು ಸಂಜೆಗೆ ಕೂಗಿದ್ರೆ?"

"ಬೆಳಿಗ್ಗೆ ತನಕ ಕಡಲೆಕಾಯಿ ಸಿಪ್ಪೆಯೊಳಗೇ ಇರ್ತದೆ. ಎಲ್ಲಿಗೂ ಓಡಿಹೋಗಲ್ಲ."

ನಕ್ಕ. ಪಕ್ಕೆಗೆ ಕೈ ಒತ್ತದೆ ನಕ್ಕ.

ಡಬ್ಬಿಯಲ್ಲಿ ತಂದಿದ್ದ ಪೆಟ್ರೋಲು ಹಾಕಿದ. ಏನೇನೋ ತಿರುಗಿಸಿ ಊದಿ ಒರೆಸಿದ. ಹತ್ತಿ ಕೂತು ಕಾಲಿನಿಂದ ಒದ್ದ. ಏಳಲಿಲ್ಲ. ಮತ್ತೆ ಒದ್ದ. ಬೆವರು ಇಳಿಯಿತು. ಮೂರನೇ ಸಲ ಸೊಂಟ ಹಿಡಿದು ನಿಂತುಬಿಟ್ಟ. ಛತ್ರದ ಜನ ನೋಡುತ್ತಿದ್ದರು. ಮನೆಯವರು ಎತ್ತಿನ ಹತ್ತಿರ ದೂರದಲ್ಲಿದ್ದರು. ಅವನ ಹತ್ತಿರ ಇದ್ದವಳು ನಾನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಕಬ್ಬಿಣಕ್ಕೆ ಎರಡೂ ಕೈ ಕೊಟ್ಟು ತಳ್ಳಿದೆ. ಅತ್ತಿಗೆಯೂ ಬಂದು ಕೈ ಹಾಕಿದಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಕೆಮ್ಮಿ, ನನ್ನ ಮುಖಕ್ಕೆಲ್ಲ ಹೊಗೆ ಉಗುಳಿ ಎದ್ದಿತು. ಕೈಯಿಂದ ಬಿಡಿಸಿಕೊಂಡು ಹೋಯಿತು.

"ನಮ್ಮ ಬಂಡಿ ಹಿಂದೇ ಬರ್ತದೆ. ಬಿದ್ರೆ ಎತ್ತಾಕ್ಕಂತೀನಿ," ಎಂದು ಅತ್ತಿಗೆ ಬಂಡಿಯ ಕಡೆ ಓಡಿದಳು.

ನಾನು ದಾರಿಯ ನಡುವೆ ನಿಂತೆ. ಅವನು ನನಗೆ ಹೆದರಿ ಎಷ್ಟು ಮೆಲ್ಲಗೆ ಹೋಗುತ್ತಿದ್ದನೆಂದರೆ, ಗಾಡಿ ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಓಲಾಡುತ್ತಿತ್ತು. ಹೀಗೆ ಹೋದರೆ ಆ ಹುಣಸೆಮರದ ಹತ್ತಿರವೇ ಬೀಳುತ್ತಾನೆ. ಹೊತ್ತು ಮುಳುಗುವ ಮುಂಚೆ ಊರೂ ಸೇರುವುದಿಲ್ಲ. ನಾನು ಅವನ ಎಡಗಿವಿಯ ಪಕ್ಕಕ್ಕೆ ಬರುವ ಹಾಗೆ ದಾರಿಯಂಚಿನಲ್ಲಿ ಓಡಿದೆ.

"ಅಣ್ಣಯ್ಯ, ಇನ್ನೊಂದೀಟು ಜೋರಾಗಿ ಹೋಗು."

ಸದ್ದು ಏರಿತು. ಗಾಡಿ ನೆಟ್ಟಗಾಯಿತು.